ಸ್ವವಿವರ ಪತ್ರ

ಧಾರವಾಡದಲ್ಲಿ 2016ರಲ್ಲಿ ಐ.ಐ.ಟಿ. ಆರಂಭವಾಯಿತು, ಹುಬ್ಬಳ್ಳಿಯಲ್ಲಿ ತಂತ್ರಾಂಶ ಸಂಸ್ಥೆಗಳಿವೆ. ಇಂತಹ ಸಂಸ್ಥೆಗಳಲ್ಲಿ ಉದ್ಯೋಗ ಬಯಸುವವರು ಮೊದಲು ಕಳುಹಿಸಬೇಕಾದುದು ಸ್ವವಿವರ ಪತ್ರ, ಅಂದರೆ ರೆಸ್ಯೂಮೆ. ಲಗ್ನದ ಮಾತುಕತೆಗೆ ಬರೆದುಕೊಡುವ ಬಯೋಡಾಟಾವೇ ಇದೆಂದು ನವಲಗುಂದ, ಕುಂದಗೋಳದ ಕಡೆಯ ಹಲವರು ಭಾವಿಸುವುದುಂಟು. ಅದರಲ್ಲಿ ತಂದೆಯ ಹೆಸರು, ಜಾತಿ, ಎತ್ತರಗಳೆಲ್ಲ ಇರುತ್ತವೆ. ಇದಕ್ಕೆ ಅವು ಬೇಕಿಲ್ಲ. ಮಾಡಿದ ಕೆಲಸವೂ ಅದರ ಸಾಕ್ಷ್ಯವೂ ಬೇಕು.

ಅಣ್ಣಿಗೇರಿಯ ವಿದ್ಯಾರ್ಥಿನಿಯೊಬ್ಬಳು ಮನೆಯ ಹತ್ತಿ ಮಾರಾಟದ ಲೆಕ್ಕಕ್ಕಾಗಿ ಪೈಥಾನ್ ಭಾಷೆಯಲ್ಲಿ ಒಂದು ಪ್ರೋಗ್ರಾಮನ್ನು ರಚಿಸಿದಳೆನ್ನೋಣ. ‘ಪೈಥಾನ್ ಬಲ್ಲೆ, ಪರಿಶ್ರಮಿ’ ಎಂದಷ್ಟೇ ಬರೆದರೆ ಓದುವವನಿಗೆ ಏನೂ ತಿಳಿಯದು. ಆ ಮಾತನ್ನು ಯಾರಾದರೂ ಬರೆದಾರು. ‘ತೂಕ, ದರಗಳನ್ನು ಕೊಟ್ಟರೆ ಗಾಡಿ ಬಾಡಿಗೆ, ಹಮಾಲಿ ಕಳೆದು ಕೈಸೇರುವ ಹಣವನ್ನು ತಿಳಿಸುತ್ತದೆ, ಎರಡು ಸುಗ್ಗಿಗಳಿಂದ ಬಳಕೆಯಲ್ಲಿದೆ’ ಎಂದು ಬರೆದು, ಪ್ರೋಗ್ರಾಮನ್ನು ಗಿಟ್‌ಹಬ್ ಜಾಲತಾಣದಲ್ಲಿರಿಸಿ ಅದರ ಕೊಂಡಿಯನ್ನು ಕೊಟ್ಟರೆ ಬೆಂಗಳೂರಿನಲ್ಲಿ ಕುಳಿತವನೂ ತೆರೆದು ನೋಡಬಲ್ಲನು. ಹೊಲಮನೆಯ ಕೆಲಸವೆಂದು ಇದನ್ನೇ ಮುಚ್ಚಿಡುವವರಿದ್ದಾರೆ, ಏಕೋ!

ಹೊಸಬರಿಗೆ ಒಂದೇ ಪುಟ ಸಾಕು. ಅನೇಕ ಸಂಸ್ಥೆಗಳಲ್ಲಿ ಪತ್ರವನ್ನು ಮೊದಲು ಜಾಲಿಸುವುದು ಮನುಷ್ಯನಲ್ಲ, ಗಣಕಯಂತ್ರ. ಚಿತ್ರ, ಕೋಷ್ಟಕಗಳ ಅಲಂಕಾರವಿದ್ದರೆ ಅದು ವಿವರಗಳನ್ನು ತಪ್ಪಾಗಿ ಗ್ರಹಿಸೀತು. ಆದುದರಿಂದ ಸರಳ ಅಕ್ಷರಗಳಿರಲಿ. ಉದ್ಯೋಗದ ಪ್ರಕಟಣೆಯಲ್ಲಿ ಕೇಳಿದ ಕೌಶಲಗಳಲ್ಲಿ ನಿಜವಾಗಿ ಬಲ್ಲವುಗಳನ್ನು ಅವೇ ಪದಗಳಲ್ಲಿ ಹೆಸರಿಸಬೇಕು. ಸಂದರ್ಶನದಲ್ಲಿ ಯಾವ ಸಾಲಿನ ಮೇಲಾದರೂ ಪ್ರಶ್ನೆ ಬರಬಹುದು.