ಸೀಳುತುಟಿಗೆ ಗ್ರಹಣ ಕಾರಣವಲ್ಲ

ಗ್ರಹಣದ ಪಾಠ ಮಾಡಿದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: 'ಸಾರ್, ಬಸುರಿ ಗ್ರಹಣ ನೋಡಿದರೆ ಮಗುವಿನ ತುಟಿ ಸೀಳುತ್ತದಂತೆ, ನಿಜವೇ?'

ನಿಜವಲ್ಲ. ಗ್ರಹಣವೆಂದರೆ ನೆರಳಷ್ಟೆ. ಗರ್ಭದಲ್ಲಿ ಮುಖವು ಬೇರೆಬೇರೆ ಭಾಗಗಳಾಗಿ ಬೆಳೆದು ಬಳಿಕ ಬೆಸೆದುಕೊಳ್ಳುತ್ತದೆ. ಮೇಲ್ದುಟಿ ಕೂಡುವುದು ಸುಮಾರು 7ನೇ ವಾರದಲ್ಲಿ, ಅಂಗುಳ 12ನೇ ವಾರದ ವೇಳೆಗೆ. ಈ ಬೆಸುಗೆ ತಪ್ಪಿದರೆ ಸೀಳು ಉಳಿಯುತ್ತದೆ. ಐದನೇ ತಿಂಗಳಲ್ಲಿ ನೋಡಿದ ಗ್ರಹಣ, ಆಗಲೇ ಕೂಡಿಕೊಂಡ ತುಟಿಯನ್ನು ಸೀಳುವುದು ಹೇಗೆ? ಅನುವಂಶೀಯತೆ, ಧೂಮಪಾನ, ಕೆಲವು ಔಷಧಿಗಳು ಅಪಾಯ ಹೆಚ್ಚಿಸಬಲ್ಲವು. ಎಷ್ಟೋ ಬಾರಿ ಇಂಥದೇ ಕಾರಣವೆಂದು ಹೇಳಲಾಗದು. ಆದರೂ ಮನೆಯಲ್ಲಿ ಬೈಗುಳ ಮಾತ್ರ ತಾಯಿಗೇ!

ಅಂಗುಳವೂ ಸೀಳಿದ್ದರೆ ಮಗುವಿಗೆ ಹಾಲು ಹೀರುವುದೇ ಕಷ್ಟ. ಕಿವಿಯೊಳಗೆ ದ್ರವ ಸೇರಿ ಕೇಳಿಸುವುದೂ ಮಂದವಾಗಬಹುದು. 'ಪ', 'ಬ' ಎನ್ನಲು ಬಾಯಲ್ಲಿ ಗಾಳಿ ಹಿಡಿಯಬೇಕಷ್ಟೆ; ಅದು ಮೂಗಿನಿಂದ ಸೋರುತ್ತದೆ. ಇಂಥ ಹುಡುಗಿ ಪದ್ಯ ಓದಲು ನಿಂತರೆ ತರಗತಿ ನಗುತ್ತದೆ. ಅಲ್ಲಿಂದಾಚೆ ಉತ್ತರ ಗೊತ್ತಿದ್ದರೂ ಆಕೆ ಕೈ ಎತ್ತುವುದಿಲ್ಲ. ಕೈ ಬಾಯಿಯ ಮೇಲೇ ಇರುತ್ತದೆ. ಅಂಥವರನ್ನು ದಡ್ಡರೆಂದು ನಾವು ಮೇಷ್ಟ್ರುಗಳೇ ತೀರ್ಮಾನಿಸಿದ್ದುಂಟು.

ತುಟಿಗೆ ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ, ಅಂಗುಳಕ್ಕೆ ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇದು ಉಚಿತ. ಹೊಲಿಗೆ ಹಾಕಿದ ಮಾತ್ರಕ್ಕೆ ಮಾತು ಸರಿಹೋಗದು. ಅನೇಕರಿಗೆ ವಾಕ್ ಚಿಕಿತ್ಸೆಯೂ ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅದು ದೊರೆಯುತ್ತದೆ. ವಯಸ್ಸು ಮೀರಿತೆಂದು ಕೈಚೆಲ್ಲಿದ ಪೋಷಕರೂ ಒಮ್ಮೆ ವೈದ್ಯರನ್ನು ಕಾಣಲಿ. ದೊಡ್ಡವರಾದ ಮೇಲೂ ಸೀಳನ್ನು ಮುಚ್ಚಬಹುದು.