ಪತ್ರ ಒಬ್ಬರದು, ಮನೆ ಇನ್ನೊಬ್ಬರದು!

ಮಾರ್ಚ್ 8 ಬಂತೆಂದರೆ ನಮ್ಮ ಊರುಗಳಲ್ಲೂ ಮಹಿಳಾ ದಿನಾಚರಣೆ. ಶಾಮಿಯಾನ, ಹಾರ, ಭಾಷಣ, ಎಲ್ಲ ಸರಿ. ಆದರೆ ಇಂಥದೊಂದು ದಿನ ಬೇಕೆಂದು ಠರಾವು ಪಾಸಾದ ಕಟ್ಟಡ ಏನಾಯ್ತು ಅಂತ ಕೇಳಿದವರುಂಟೆ? ಅದನ್ನು ಕೆಡವಿ ಹಾಕಿದರು ಸ್ವಾಮಿ! ಅದೂ 2007ರ ಮಾರ್ಚ್ 5ರಂದು, ಮಹಿಳಾ ದಿನಕ್ಕೆ ಮೂರೇ ದಿನ ಇರುವಾಗ ಕೆಡವಲು ಶುರು.

ಊರು ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್. ನೋರೆಬ್ರೊ ಎಂಬ ಬಡಾವಣೆ, ಯಾಗ್ಟ್‌ವೈ ರಸ್ತೆ, ಮನೆ ನಂಬರ್ 69. ಕಾರ್ಮಿಕ ಸಂಘಟನೆಯವರು 1897ರಲ್ಲಿ ಕಟ್ಟಿಸಿದ ‘ಜನರ ಮನೆ’. 1910ರಲ್ಲಿ ಹದಿನೇಳು ದೇಶಗಳ ಸುಮಾರು ನೂರು ಹೆಂಗಸರು ಇಲ್ಲಿ ಸೇರಿದ್ದರು. ವರ್ಷಕ್ಕೊಂದು ಮಹಿಳಾ ದಿನ ಬೇಕೆಂದು ಜರ್ಮನಿಯ ಕ್ಲಾರಾ ಜೆಟ್ಕಿನ್ ಮುಂತಾದವರು ಸೂಚಿಸಿದ್ದು ಆಗಲೇ. ತಾರೀಖು ಗೊತ್ತಾದದ್ದು ಆಮೇಲೆ.

1980ರ ದಶಕದ ಆರಂಭಕ್ಕೆ ಬನ್ನಿ. ಆ ಊರಿನ ಹುಡುಗ ಹುಡುಗಿಯರು ಖಾಲಿ ಕಟ್ಟಡಗಳಿಗೆ ನುಗ್ಗಿ ಠಿಕಾಣಿ ಹೂಡತೊಡಗಿದರು. ಪೊಲೀಸರು ಎಬ್ಬಿಸಿದರೆ ಇನ್ನೊಂದು ಕಟ್ಟಡ. ಕೇಳಿದ್ದು ಇಷ್ಟೇ: ಸೇರೋಕೆ, ಹಾಡೋಕೆ ಒಂದು ಸೂರು. ಕೊನೆಗೆ 1982ರಲ್ಲಿ ನಗರಸಭೆ ಈ ಹಳೇ ಮನೆಯನ್ನೇ ಅವರ ಉಪಯೋಗಕ್ಕೆ ಬಿಟ್ಟಿತು. ಅದು ‘ಯುವಜನರ ಮನೆ’ಯಾಯಿತು. ಪತ್ರ ಮಾತ್ರ ನಗರಸಭೆಯ ಹೆಸರಲ್ಲೇ ಉಳಿಯಿತು.

ಮ್ಯಾನೇಜರಿಲ್ಲ, ಸಂಬಳವಿಲ್ಲ. ಸೋಮವಾರ ಸಭೆ, ಎಲ್ಲರೂ ಒಪ್ಪಿದರೇ ತೀರ್ಮಾನ. ಅಡಿಗೆ ಮಾಡುವವರು, ಬಾಗಿಲು ಕಾಯುವವರು, ಕಸ ಗುಡಿಸುವವರು ಎಲ್ಲ ಸ್ವಂತ ಇಷ್ಟದಿಂದ ಬಂದವರು. ಅಗ್ಗದ ಊಟ, ಚಳವಳಿಯ ಸಭೆ, ರಾತ್ರಿ ಪಂಕ್ ಹಾಡಿನ ಗದ್ದಲ. ಮುಂದೆ ಜಗತ್ತೇ ಬಲ್ಲ ಬ್ಯೋರ್ಕ್, ನಿಕ್ ಕೇವ್ ಕೂಡ ಹಾಡಿದ ವೇದಿಕೆ ಅದು.

1999ರಲ್ಲಿ ನಗರಸಭೆ ಮನೆಯನ್ನು ಮಾರಾಟಕ್ಕಿಟ್ಟಿತು. ಕೈ ಬದಲಾಗಿ ಅದು ಸಣ್ಣದೊಂದು ಕ್ರೈಸ್ತ ಪಂಗಡದ ಪಾಲಾಯಿತು. ಕೋರ್ಟೂ ಪತ್ರ ಇದ್ದವರ ಪರವೇ ಹೇಳಿತು. ದುಡ್ಡು ಕೊಟ್ಟವರ ನ್ಯಾಯ ಅದು, ಸುಳ್ಳೆನ್ನುವಂತಿಲ್ಲ. ಯುವಜನರಿಗಾಗಿ ಹುಟ್ಟಿದ ನಿಧಿಯೊಂದು ಮನೆ ಕೊಳ್ಳಲು ಮುಂದೆ ಬಂತು. ಹೊಸ ಮಾಲೀಕರು ಜಪ್ಪಯ್ಯ ಅನ್ನಲಿಲ್ಲ.

2007ರ ಮಾರ್ಚ್ 1, ಬೆಳಗಿನ ಜಾವ. ಪೊಲೀಸರು ಹೆಲಿಕಾಪ್ಟರಿನಿಂದ ಮಾಳಿಗೆಗೇ ಇಳಿದರು! ಒಳಗಿದ್ದವರನ್ನು ಹಿಡಿದೊಯ್ದರು. ಬೀದಿ ಹೊತ್ತಿಕೊಂಡಿತು. ಕಲ್ಲು ತೂರಾಟ, ಅಶ್ರುವಾಯು, ಸುಟ್ಟ ಕಾರುಗಳು. ಕೆಲವೇ ದಿನಗಳಲ್ಲಿ ಆರು ನೂರಕ್ಕೂ ಹೆಚ್ಚು ಮಂದಿಯ ಬಂಧನ. ಬೀದಿಯಲ್ಲಿ ಕಾರು ನಿಲ್ಲಿಸಿದ್ದವನು ಯಾರ ಮನೆಯನ್ನೂ ಕಸಿದಿರಲಿಲ್ಲ. ಅವನಿಗೂ ಪೆಟ್ಟು ಬಿತ್ತು. ಹಾಡಿನ ಪರ ನಿಂತವರು ಇದನ್ನೂ ಒಪ್ಪಿಕೊಳ್ಳಲೇಬೇಕು.

ಮನೆ ಹೋಯಿತು, ಜನ ಹೋಗಲಿಲ್ಲ. ಗುರುವಾರ ಬಂತೆಂದರೆ ಮೆರವಣಿಗೆ. ವರ್ಷ ದಾಟಿದರೂ ಬಿಡಲಿಲ್ಲ. ಕಡೆಗೆ 2008ರ ಜುಲೈನಲ್ಲಿ, ಅದೇ ಊರಿನ ಡೊರ್ತಿಯಾವೈ ರಸ್ತೆಯಲ್ಲಿ ಅವರಿಗೆ ಬೇರೊಂದು ಮನೆ ಸಿಕ್ಕಿತು. ಕೊಟ್ಟದ್ದು ಯಾರು? ಹಳೇದನ್ನು ಮಾರಿದ ಅದೇ ನಗರಸಭೆ!

ಇನ್ನು 69ನೇ ನಂಬರಿನ ಜಾಗ? ಅಷ್ಟೆಲ್ಲ ರಂಪ ಮಾಡಿ ಕೆಡವಿದ ಆ ನೆಲ ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ಪತ್ರ ಭದ್ರವಾಗಿತ್ತು. ಮನೆಯೇ ಇರಲಿಲ್ಲ.