ಕಡಲಾಚೆಯ ಕ್ಯಾಸೆಟ್, ಈಚೆಯ ಯಂತ್ರ

ಅಮೆರಿಕದಲ್ಲಿ ನೆಲೆಸಿದ ಮಕ್ಕಳು 1980 ಮತ್ತು 90ರ ದಶಕಗಳಲ್ಲಿ ಕಳುಹಿಸಿದ ವಿಡಿಯೋ ಕ್ಯಾಸೆಟ್ಟುಗಳು ನಮ್ಮ ಸಮಾಜದ ಎಷ್ಟೋ ಮನೆಗಳ ಕಪಾಟಿನಲ್ಲಿ ಇಂದಿಗೂ ಇವೆ. ಮೊಮ್ಮಗುವಿನ ಲಿಂಗಧಾರಣೆ, ಅಲ್ಲಿ ಆಚರಿಸಿದ ಬಸವ ಜಯಂತಿ, ಈಗ ಲಿಂಗೈಕ್ಯರಾಗಿರುವ ಹಿರಿಯರ ಆಶೀರ್ವಚನ ಇವೆಲ್ಲ ಅವುಗಳಲ್ಲಿ ಅಡಗಿವೆ. ಆದರೆ ಇಲ್ಲಿಯ ವಿ.ಸಿ.ಆರ್.ನಲ್ಲಿ ಹಾಕಿದಾಗ ಬಣ್ಣ ಮಾಯವಾಗಿ, ಚಿತ್ರ ಉರುಳತೊಡಗುವುದರಿಂದ, ಕ್ಯಾಸೆಟ್ ಕೆಟ್ಟಿದೆಯೆಂದು ಮೂಲೆಗಿರಿಸಿದವರು ಬಹಳ.

ವಾಸ್ತವವಾಗಿ ಕೆಟ್ಟಿರುವುದು ಏನೂ ಇಲ್ಲ, ಭೇದವಿರುವುದು ಪದ್ಧತಿಯಲ್ಲಿ. ಅಮೆರಿಕವು 1953ರಲ್ಲಿ ಅಂಗೀಕರಿಸಿದ ಎನ್.ಟಿ.ಎಸ್.ಸಿ. ಬಣ್ಣದ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 525 ಗೆರೆಗಳು, ಸೆಕೆಂಡಿಗೆ ಸುಮಾರು 30 ಚಿತ್ರಗಳು. 1982ರ ಏಷ್ಯನ್ ಕ್ರೀಡಾಕೂಟದ ವರ್ಷ ಭಾರತಕ್ಕೆ ಬಂದ ಬಣ್ಣದ ದೂರದರ್ಶನವು ಪಾಲ್ ಪದ್ಧತಿಯದು. ಅದರಲ್ಲಿ 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಅಲ್ಲಿನ ಮನೆಯ ವಿದ್ಯುತ್ತು ಸೆಕೆಂಡಿಗೆ 60 ಆವರ್ತಗಳದು, ಇಲ್ಲಿನದು 50 ಆವರ್ತಗಳದು. ಈ ಅಂತರದ ಮೂಲವೂ ಅದೇ. ವಿ.ಎಚ್.ಎಸ್. ಪೆಟ್ಟಿಗೆ ಎರಡೂ ಕಡೆ ಒಂದೇ ಆಕಾರದ್ದಾದರೂ, ಒಳಗಿನ ಟೇಪು ಅಲ್ಲಿ ಸೆಕೆಂಡಿಗೆ ಸುಮಾರು 33 ಮಿಲಿಮೀಟರ್, ಇಲ್ಲಿ ಸುಮಾರು 23 ಮಿಲಿಮೀಟರ್ ಚಲಿಸುತ್ತದೆ. ಹೀಗಿರುವಾಗ ಪಾಲ್ ಮಾತ್ರ ಬಲ್ಲ ಯಂತ್ರವು ಅದನ್ನು ಸರಿಯಾಗಿ ಓದುವುದೆಂತು?

ಕ್ಯಾಸೆಟ್ಟಿನ ಮೇಲೆ ‘ಟಿ-120’ ಎಂದಿದ್ದರೆ ಅದು ಸಾಮಾನ್ಯವಾಗಿ ಅಮೆರಿಕದ ಅಳತೆ; ‘ಇ-180’ ಎಂದಿದ್ದರೆ ಪಾಲ್ ದೇಶಗಳದು. ಆದರೆ ಇದು ಸುಳಿವು ಮಾತ್ರ. ಯಾವ ಪದ್ಧತಿಯ ಕ್ಯಾಮರಾದಲ್ಲಿ ಚಿತ್ರಿಸಿದರೆಂಬುದೇ ನಿರ್ಣಾಯಕ.

ಪರಿಹಾರ ಕಠಿಣವಲ್ಲ. ಎರಡೂ ಪದ್ಧತಿಗಳನ್ನು ಓದಬಲ್ಲ ಮಲ್ಟಿ ಸಿಸ್ಟಮ್ ವಿ.ಸಿ.ಆರ್. ಉಳ್ಳವರಲ್ಲಿ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ನಕಲು ಮಾಡಿಸಬೇಕು. ಇದು ಎನ್.ಟಿ.ಎಸ್.ಸಿ. ಎಂದು ಮೊದಲೇ ತಿಳಿಸಬೇಕು. ಪಾಲ್‌ಗೆ ಪರಿವರ್ತಿಸುವ ಅಗತ್ಯವಿಲ್ಲ. ಕಂಪ್ಯೂಟರಿಗೂ ಮೊಬೈಲಿಗೂ ಎರಡೂ ಒಂದೇ. ಬೂಷ್ಟು ಹಿಡಿದ ಟೇಪನ್ನು ಶುಚಿಗೊಳಿಸದೆ ಯಂತ್ರಕ್ಕೆ ಹಾಕಲಾಗದು.

ವಿಳಂಬ ಮಾತ್ರ ಸಲ್ಲದು. ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಸಂಸ್ಥೆಯೆಂದು ಹೆಸರಾದ ಜಪಾನಿನ ಫುನಾಯಿ 2016ರಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಉಳಿದ ಯಂತ್ರಗಳು ಹಳತಾಗುತ್ತಿವೆ, ಟೇಪುಗಳು ಸವೆಯುತ್ತಿವೆ. ವಾಚಕರು ಈ ತಿಂಗಳಲ್ಲೇ ಕಪಾಟನ್ನೊಮ್ಮೆ ಶೋಧಿಸಲಿ. ಅಜ್ಜನ ದನಿಯನ್ನು ಮೊಮ್ಮಕ್ಕಳು ಕೇಳುವ ಭಾಗ್ಯ ಕೈತಪ್ಪದಿರಲಿ.